ಓದುವ ತಾಯಿಗೆ ಮೂರು ಗಡಿಯಾರ: ಅಮೆರಿಕದ ನೆರವಿನ ನಿಯಮ ಮತ್ತು ಕಮ್ಯೂನಿಟಿ ಕಾಲೇಜು

2025ರ ಜುಲೈ 4ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ದೊಡ್ಡ ಬಜೆಟ್ ಕಾನೂನಿನ ಸುದ್ದಿ ಓದಿದವರಿಗೆ ಒಂದು ಗೊಂದಲ ಹಾಗೇ ಉಳಿದಿದೆ. ಸರ್ಕಾರದ ನೆರವು ಬೇಕಾದರೆ ತಿಂಗಳಿಗೆ 80 ಗಂಟೆ ಕೆಲಸ ಮಾಡಬೇಕು ಅಂತ ಒಂದು ಸುದ್ದಿ. ಕಾಲೇಜಿಗೆ ಹೋಗುತ್ತಿದ್ದರೆ ಆ ಕೆಲಸ ಬೇಡ ಅಂತ ಇನ್ನೊಂದು. ಕಾಲೇಜಿಗೆ ಸೇರಿದರೆ ಊಟದ ನೆರವೇ ನಿಲ್ಲಬಹುದು ಅಂತ ಮತ್ತೊಂದು.

ಮೂರೂ ನಿಜ. ನಗದು, ಊಟ, ಆರೋಗ್ಯ ವಿಮೆ ಅಂತ ನೆರವಿನ ಮೂರು ಯೋಜನೆಗಳಿವೆ, ಒಂದೊಂದರ ನಿಯಮ ಒಂದೊಂದು ಥರ, ಅಷ್ಟೇ. ಆದರೆ ಬಡ ಕುಟುಂಬದ ಒಬ್ಬ ತಾಯಿ ಈ ಮೂರೂ ಯೋಜನೆಗಳಲ್ಲಿ ಒಟ್ಟಿಗೇ ಇರಬಹುದು, ಅಲ್ವಾ? ಅವಳು ನರ್ಸಿಂಗ್ ಕಲಿಯೋಣ ಅಂತ ಹತ್ತಿರದ ಕಮ್ಯೂನಿಟಿ ಕಾಲೇಜಿಗೆ ಹೋದರೆ ಅದೇ ಪಾಠದ ಗಂಟೆಯನ್ನು ಮೂರು ಕಚೇರಿಗಳು ಮೂರು ಥರ ಎಣಿಸುತ್ತವೆ. ಸಮಸ್ಯೆಯ ಬೇರು ಇರುವುದು ಈ ಎಣಿಕೆಯಲ್ಲೇ.

ಮೊದಲು ಹೆಸರುಗಳು

ಕಮ್ಯೂನಿಟಿ ಕಾಲೇಜು ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜು. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಇಂಥ ಮೊದಲ ಕಾಲೇಜು ಶುರುವಾಯಿತು, ಈಗ ದೇಶದಲ್ಲಿ ಸುಮಾರು ಸಾವಿರ ಇವೆ. ಸ್ಥಳೀಯರಿಗೆ ವರ್ಷದ ಫೀಸು ಸರಾಸರಿ 4,000 ಡಾಲರ್ ಸುತ್ತಮುತ್ತ, ಯೂನಿವರ್ಸಿಟಿಗೆ ಹೋಲಿಸಿದರೆ ತುಂಬಾ ಕಡಿಮೆ. ವೆಲ್ಡಿಂಗ್, ನರ್ಸಿಂಗ್, ಅಕೌಂಟ್ಸ್ ಕಲಿಯಬಹುದು, ಅಥವಾ ಇಲ್ಲಿ ಎರಡು ವರ್ಷ ಓದಿ ಆಮೇಲೆ ಯೂನಿವರ್ಸಿಟಿಗೆ ಹೋಗಬಹುದು. ಬಡವರಿಗೆ, ಮಕ್ಕಳಿರುವವರಿಗೆ, ವಯಸ್ಸಾದ ಮೇಲೆ ಮತ್ತೆ ಓದಲು ಬರುವವರಿಗೆ ಮೊದಲು ಸಿಗುವ ಬಾಗಿಲು ಇದೇ.

ಇನ್ನು ಮೂರು ನೆರವುಗಳು. ಟ್ಯಾನ್ಫ್ ಅಂದರೆ ಮಕ್ಕಳಿರುವ ಕಡು ಬಡ ಕುಟುಂಬಕ್ಕೆ ಸಿಗುವ ನಗದು. ಅದು ದೊಡ್ಡ ಮೊತ್ತ ಏನಲ್ಲ, ಅರ್ಕನ್ಸಾ ರಾಜ್ಯದಲ್ಲಿ ಮೂವರ ಕುಟುಂಬಕ್ಕೆ ತಿಂಗಳಿಗೆ ಹೆಚ್ಚೆಂದರೆ 204 ಡಾಲರ್, ಅದೂ ದಶಕಗಳಿಂದ ಏರಿಲ್ಲ. ಸ್ನ್ಯಾಪ್ ಅಂದರೆ ಹಳೆಯ ಫುಡ್ ಸ್ಟ್ಯಾಂಪ್, ದಿನಸಿ ಕೊಳ್ಳಲು ಒಂದು ಕಾರ್ಡಿಗೆ ಹಣ ಹಾಕುತ್ತಾರೆ. ಮೆಡಿಕೇಡ್ ಅಂದರೆ ಬಡವರ ಆರೋಗ್ಯ ವಿಮೆ. ಅಮೆರಿಕದಲ್ಲಿ ಎಚ್‌-1ಬಿ, ಎಚ್‌-4, ಎಫ್‌-1 ವೀಸಾದಲ್ಲಿರುವ ಕನ್ನಡಿಗರಿಗೆ ಸಾಮಾನ್ಯವಾಗಿ ಇವು ಯಾವುವೂ ಸಿಗುವುದಿಲ್ಲ, ಹಾಗಾಗಿ ನಮ್ಮವರಲ್ಲಿ ಈ ನಿಯಮಗಳ ಪರಿಚಯ ಕಡಿಮೆ.

1996ರಲ್ಲಿ ಏನಾಯಿತು

1935ರಿಂದ ಇದ್ದ ಹಳೆಯ ನಗದು ನೆರವನ್ನು 1996ರ ಆಗಸ್ಟ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಕಾನೂನು ತೆಗೆದುಹಾಕಿತು. ಅದರ ಜಾಗಕ್ಕೆ ಟ್ಯಾನ್ಫ್ ಬಂತು. ಕೇಂದ್ರ ಸರ್ಕಾರ ರಾಜ್ಯಗಳಿಗೆ ವರ್ಷಕ್ಕೆ ಸುಮಾರು 1,650 ಕೋಟಿ ಡಾಲರ್ ಒಟ್ಟಾಗಿ ಕೊಡುತ್ತದೆ. ಬೆಲೆ ಏರಿದರೂ ಈ ಮೊತ್ತ ಏರಿಲ್ಲ. ಕೇಂದ್ರದ ಹಣದಲ್ಲಿ ಒಂದು ಕುಟುಂಬಕ್ಕೆ ಜೀವಮಾನದಲ್ಲಿ ಒಟ್ಟು 60 ತಿಂಗಳು ಮಾತ್ರ ನೆರವು.

ಇದಕ್ಕಿಂತ ಮುಖ್ಯವಾದದ್ದು ರಾಜ್ಯಗಳಿಗೆ ಕೊಟ್ಟ ಗುರಿ. ನೆರವು ಪಡೆಯುವ ಕುಟುಂಬಗಳಲ್ಲಿ ಅರ್ಧದಷ್ಟು ಜನ ವಾರಕ್ಕೆ 30 ಗಂಟೆ (ಆರು ವರ್ಷಕ್ಕಿಂತ ಚಿಕ್ಕ ಮಗು ಇರುವ ಒಂಟಿ ತಾಯಿಯಾದರೆ 20 ಗಂಟೆ) ಕಾನೂನು ಒಪ್ಪುವ ಕೆಲಸ ಅಥವಾ ಚಟುವಟಿಕೆಯಲ್ಲಿ ಇರಬೇಕು. ಇಲ್ಲದಿದ್ದರೆ ರಾಜ್ಯಕ್ಕೆ ದಂಡ. ಹೀಗಾಗಿ ಕೇಸ್ ವರ್ಕರ್ (ನೆರವಿನ ಫೈಲು ನೋಡಿಕೊಳ್ಳುವ ಸಿಬ್ಬಂದಿ) ಮೇಜಿಗೆ ಯಾರು ಬಂದರೂ ಮೊದಲ ಪ್ರಶ್ನೆ ಒಂದೇ: ನಿಮ್ಮ ಗಂಟೆಗಳು ಲೆಕ್ಕಕ್ಕೆ ಬರುತ್ತವಾ?

ಪರಿಣಾಮ ಬೇಗ ಕಾಣಿಸಿತು. ನ್ಯೂಯಾರ್ಕ್ ನಗರದ ಸರ್ಕಾರಿ ಯೂನಿವರ್ಸಿಟಿ ಕ್ಯೂನಿಯಲ್ಲಿ 1990ರ ದಶಕದ ಮಧ್ಯದಲ್ಲಿ ನೆರವು ಪಡೆಯುತ್ತಾ ಓದುತ್ತಿದ್ದವರು 25 ಸಾವಿರಕ್ಕಿಂತ ಜಾಸ್ತಿ ಇದ್ದರು. ಕೆಲವೇ ವರ್ಷಗಳಲ್ಲಿ ಆ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಬಂತು. ಕ್ಲಾಸಿನ ಹೊತ್ತಿಗೆ ಪಾರ್ಕು ಗುಡಿಸುವ, ಕಚೇರಿಯಲ್ಲಿ ಫೈಲು ಜೋಡಿಸುವ ಕೆಲಸಕ್ಕೆ ಹೋಗಬೇಕಾಗಿ ಬಂದವರು ಓದನ್ನೇ ಬಿಟ್ಟರು. ಅವರಿಗೆ ಓದುವ ಮನಸ್ಸಿರಲಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ, ಆಗಲೇ ಕ್ಲಾಸಿನಲ್ಲಿ ಕೂತಿದ್ದವರು ಅವರು.

ಹನ್ನೆರಡು ತಿಂಗಳು, ಅರವತ್ತು ಕ್ರೆಡಿಟ್

ಟ್ಯಾನ್ಫ್ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಜಾಸ್ತಿ ಜನ ಬೀಳುವುದು ಇಲ್ಲೇ.

ಒಬ್ಬ ಒಂಟಿ ತಾಯಿ, ಎಂಟು ವರ್ಷದ ಮಗ ಅಂತ ಇಟ್ಟುಕೊಳ್ಳಿ. ಅವಳಿಗೆ ವಾರಕ್ಕೆ 30 ಗಂಟೆ ಬೇಕು. ಕಾಲೇಜಿನಲ್ಲಿ 12 ಕ್ರೆಡಿಟ್ ತಗೊಂಡರೆ ವಾರಕ್ಕೆ 12 ಗಂಟೆ ಪಾಠ. 2008ರ ನಿಯಮದ ಪ್ರಕಾರ ಒಂದು ಗಂಟೆ ಪಾಠಕ್ಕೆ ಹೆಚ್ಚೆಂದರೆ ಒಂದು ಗಂಟೆ ಮನೆಯಲ್ಲಿ ಓದಿದ್ದನ್ನೂ ಸೇರಿಸಬಹುದು. ಅಲ್ಲಿಗೆ 24. ಇನ್ನು 6 ಗಂಟೆ ಕ್ಯಾಂಪಸ್‌ನ ಲೈಬ್ರರಿಯಲ್ಲೋ ಕಚೇರಿಯಲ್ಲೋ ಸಂಬಳದ ಕೆಲಸ ಸಿಕ್ಕರೆ 30 ಪೂರ್ತಿ. ಮೊದಲ ವರ್ಷ ಹೇಗೋ ನಡೆಯುತ್ತದೆ.

ಆದರೆ ವೃತ್ತಿ ಶಿಕ್ಷಣ ಅಂತ ಪೂರ್ತಿ ಲೆಕ್ಕಕ್ಕೆ ಬರುವುದು ಒಬ್ಬರ ಜೀವಮಾನದಲ್ಲಿ 12 ತಿಂಗಳು ಮಾತ್ರ. ಎರಡು ವರ್ಷದ ಪದವಿಗೆ ಬೇಕಾದದ್ದು ಸುಮಾರು 60 ಕ್ರೆಡಿಟ್. ಸೆಮಿಸ್ಟರಿಗೆ 12ರ ಹಾಗೆ ಓದಿದರೆ ಒಂದು ವರ್ಷಕ್ಕೆ 24 ಆಗುತ್ತದೆ, ಬೇಸಿಗೆಯಲ್ಲೂ ಓದಿದರೆ 30 ಆಗಬಹುದು. ಅಂದರೆ ಅರ್ಧ ದಾರಿಯಲ್ಲಿ ಗಡಿಯಾರ ನಿಲ್ಲುತ್ತದೆ. ಆಮೇಲೆ ಮೊದಲು ವಾರಕ್ಕೆ 20 ಗಂಟೆ ನಿಜವಾದ ಕೆಲಸ ಮಾಡಬೇಕು, ಅದರ ಮೇಲಿನ ಗಂಟೆಗಳಿಗೆ ಮಾತ್ರ ಓದು ಸೇರುತ್ತದೆ. ನರ್ಸಿಂಗ್ ಓದುವವರಿಗೆ ಎರಡನೇ ವರ್ಷದಲ್ಲೇ ಆಸ್ಪತ್ರೆಯ ತರಬೇತಿ ಜಾಸ್ತಿ ಇರುವುದು. ತರಬೇತಿ, 20 ಗಂಟೆ ಕೆಲಸ, ಶಾಲೆ ಬಿಟ್ಟ ಮೇಲೆ ಮಗನನ್ನು ನೋಡಿಕೊಳ್ಳುವುದು, ಬಸ್ಸಿನ ಓಡಾಟ, ಇವೆಲ್ಲ ಒಂದೇ ವಾರದಲ್ಲಿ ಹೇಗೆ ಹಿಡಿಸಬೇಕು?

ಇನ್ನೂ ಒಂದು ತೊಡಕು ಇದೆ. ಎಷ್ಟೋ ವರ್ಷದ ಮೇಲೆ ಓದಲು ಬಂದವರಿಗೆ ಗಣಿತ, ಇಂಗ್ಲಿಷ್ ಪಾಠ ಮತ್ತೆ ಬೇಕಾಗುತ್ತದೆ, ಇದೂ ಸಮಯ ತಿನ್ನುತ್ತದೆ. ಕೆಲಸದ ಗಂಟೆಯ ಲೆಕ್ಕದಲ್ಲಿ ಗೈರುಹಾಜರಿಗೆ ವರ್ಷಕ್ಕೆ 80 ಗಂಟೆ, ತಿಂಗಳಿಗೆ 16 ಗಂಟೆ ಮಾತ್ರ ರಿಯಾಯಿತಿ, ಜೊತೆಗೆ ಹತ್ತು ಹಬ್ಬದ ರಜೆ. ಕಾಲೇಜು ಚಳಿಗಾಲದಲ್ಲಿ ವಾರಗಟ್ಟಲೆ ಮುಚ್ಚುತ್ತದೆ. ಕಾರ್ಖಾನೆಯ ಹಾಜರಿ ಪುಸ್ತಕ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ನಿಯಮವನ್ನು ಸೆಮಿಸ್ಟರಿಗೆ ಹಾಕಿದರೆ ಹೀಗೇ ಆಗುವುದು.

ಊಟದ ಕಾರ್ಡಿನಲ್ಲಿ ತಿರುಗುಮುರುಗು

ಸ್ನ್ಯಾಪ್‌ನ ನಿಯಮ ಇನ್ನೂ ವಿಚಿತ್ರ. 18ರಿಂದ 49 ವರ್ಷದವರು ಕಾಲೇಜಿನಲ್ಲಿ ಅರ್ಧ ಹೊತ್ತಿಗಿಂತ (ಸಾಮಾನ್ಯವಾಗಿ 6 ಕ್ರೆಡಿಟ್) ಕಡಿಮೆ ಇಲ್ಲದಂತೆ ಓದುತ್ತಿದ್ದರೆ ಊಟದ ನೆರವು ಇಲ್ಲ, ವಿನಾಯಿತಿ ಇದ್ದರೆ ಮಾತ್ರ ಉಂಟು. ವಾರಕ್ಕೆ 20 ಗಂಟೆ ಸಂಬಳದ ಕೆಲಸ, ವರ್ಕ್-ಸ್ಟಡಿ (ವಿದ್ಯಾರ್ಥಿಗಳಿಗೆ ಸರ್ಕಾರದ ನೆರವಿನಿಂದ ಕೊಡುವ ಕ್ಯಾಂಪಸ್ ಕೆಲಸ), ಆರಕ್ಕಿಂತ ಚಿಕ್ಕ ಮಗು, ಟ್ಯಾನ್ಫ್ ಪಡೆಯುತ್ತಿರುವುದು, ಇಂಥವು ವಿನಾಯಿತಿಗಳು. ಅನುಕೂಲಸ್ಥರ ಮಕ್ಕಳು ಊಟದ ನೆರವು ತಗೊಳ್ಳಬಾರದು ಅಂತ ದಶಕಗಳ ಹಿಂದೆ ಮಾಡಿದ ನಿಯಮ ಇದು. ಇವತ್ತು ಕಮ್ಯೂನಿಟಿ ಕಾಲೇಜಿಗೆ ಬರುವವರು ಬೇರೆ ಜನ.

ಇದೇ ಸ್ನ್ಯಾಪ್‌ನಲ್ಲಿ ಇನ್ನೊಂದು ನಿಯಮ ಇದೆ. ಕೆಲಸ ಮಾಡಬಲ್ಲ ದೊಡ್ಡವರು ತಿಂಗಳಿಗೆ 80 ಗಂಟೆ ಕೆಲಸ ತೋರಿಸದಿದ್ದರೆ ಮೂರು ವರ್ಷದಲ್ಲಿ ಮೂರು ತಿಂಗಳು ಮಾತ್ರ ನೆರವು. 2025ರ ಕಾನೂನು ಇದನ್ನು 64 ವರ್ಷದವರೆಗೆ ಹಿಗ್ಗಿಸಿತು. 14 ತುಂಬಿದ ಮಕ್ಕಳ ತಂದೆತಾಯಿಯನ್ನೂ ಇದರೊಳಗೆ ತಂದಿತು. ಮಾಜಿ ಸೈನಿಕರು, ಮನೆಯಿಲ್ಲದವರು, ಫಾಸ್ಟರ್ ಕೇರ್‌ನಿಂದ (ಮಕ್ಕಳನ್ನು ಸರ್ಕಾರ ಬೇರೆ ಮನೆಗಳಲ್ಲಿಟ್ಟು ಸಾಕಿಸುವ ವ್ಯವಸ್ಥೆ) ಹೊರಬಂದ ಯುವಕರು, ಇವರಿಗಿದ್ದ ರಿಯಾಯಿತಿ ತೆಗೆಯಿತು. ಆದರೆ ಅರ್ಧ ಹೊತ್ತು ಓದುವ ವಿದ್ಯಾರ್ಥಿಗೆ ಈ 80 ಗಂಟೆ ಬೇಡ.

ಎರಡನ್ನೂ ಜೋಡಿಸಿ ನೋಡಿ. 52 ವರ್ಷದ ಹೆಂಗಸು 6 ಕ್ರೆಡಿಟ್‌ಗೆ ಸೇರಿದರೆ ಓದು ಅವಳನ್ನು ಕಾಪಾಡುತ್ತದೆ, ಯಾಕೆಂದರೆ ವಿದ್ಯಾರ್ಥಿಗಳ ತಡೆ 49ಕ್ಕೆ ಮುಗಿಯುತ್ತದೆ. 25 ವರ್ಷದ, ಮಕ್ಕಳಿಲ್ಲದ ಹುಡುಗ ಅದೇ 6 ಕ್ರೆಡಿಟ್‌ಗೆ ಸೇರಿದರೆ, ವಿನಾಯಿತಿ ಇಲ್ಲದ ಪಕ್ಷದಲ್ಲಿ ಅದೇ ಓದು ಅವನ ಊಟದ ಕಾರ್ಡನ್ನು ಕಿತ್ತುಕೊಳ್ಳುತ್ತದೆ. ಅವನು 3 ಕ್ರೆಡಿಟ್‌ಗೆ ಇಳಿದರೆ ವಿದ್ಯಾರ್ಥಿ ಅನ್ನಿಸಿಕೊಳ್ಳುವುದಿಲ್ಲ, ಆದರೆ 80 ಗಂಟೆಯ ನಿಯಮ ಹಿಡಿಯುತ್ತದೆ.

ಗೊಂದಲಕ್ಕೆ ಬೆಲೆ ಇದೆ. 2020ರ ಅಂಕಿಅಂಶ ಇಟ್ಟುಕೊಂಡು ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧಕರು ನೋಡಿದಾಗ, ಅರ್ಹರಿರಬಹುದಾದ ಸುಮಾರು 33 ಲಕ್ಷ ವಿದ್ಯಾರ್ಥಿಗಳಲ್ಲಿ 59 ಶೇಕಡಾ ಜನ ಸ್ನ್ಯಾಪ್ ಪಡೆಯುತ್ತಿದ್ದೇವೆ ಅಂತ ಹೇಳಲಿಲ್ಲ.

ನಮ್ಮ ಕಡೆಯೂ ಇಂಥ ಯೋಚನೆ ಇಲ್ಲದಿಲ್ಲ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಶುರುವಾದ ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಮುಂದಿನ ಓದಿಗೆ ಸೇರಿದರೆ ಇಲ್ಲ. ಓದುವವರನ್ನು ಯಾರೋ ಸಾಕುತ್ತಿರುತ್ತಾರೆ ಅನ್ನುವ ಊಹೆ ಎರಡೂ ಕಡೆ ಒಂದೇ.

‘ಮೊದಲು ಕೆಲಸ’ ಅನ್ನುವವರ ಮಾತು

ಈ ವಾದವನ್ನು ಸುಮ್ನೆ ತಳ್ಳಿಹಾಕಬಾರದು. ಅದರ ಹಿಂದೆ ಅನುಭವ ಇದೆ. 1980ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ಗೇನ್ ಅನ್ನುವ ಕಾರ್ಯಕ್ರಮ ಶುರುಮಾಡಿತು. ಹಲವು ಜಿಲ್ಲೆಗಳು ನೆರವು ಪಡೆಯುವವರನ್ನು ಮೊದಲು ಮೂಲ ಶಿಕ್ಷಣಕ್ಕೆ ಕಳಿಸಿದವು. ರಿವರ್‌ಸೈಡ್ ಜಿಲ್ಲೆ ಮಾತ್ರ ಬೇಗ ಯಾವುದಾದರೂ ಕೆಲಸ ಹಿಡಿಯಿರಿ ಅಂತ ಒತ್ತಾಯಿಸಿತು. ಮೂರು ವರ್ಷದ ಲೆಕ್ಕದಲ್ಲಿ ರಿವರ್‌ಸೈಡ್‌ನವರ ಸಂಪಾದನೆ ಕಾರ್ಯಕ್ರಮದಲ್ಲಿ ಇಲ್ಲದವರಿಗಿಂತ ಹೆಚ್ಚು ಕಡಿಮೆ ಅರ್ಧದಷ್ಟು ಜಾಸ್ತಿ ಆಯಿತು. 1996ರ ಕಾನೂನು ಮಾಡಿದವರ ತಲೆಯಲ್ಲಿ ಈ ಫಲಿತಾಂಶ ಇತ್ತು.

ನ್ಯಾಯದ ಪ್ರಶ್ನೆಯೂ ಇದೆ. ಕಡಿಮೆ ಸಂಬಳಕ್ಕೆ ದುಡಿಯುತ್ತಾ ತೆರಿಗೆ ಕಟ್ಟುವ, ತಾನೇ ಕಾಲೇಜಿಗೆ ಹೋಗಲಾಗದ ಅಂಗಡಿ ಕೆಲಸದವಳು, ಇನ್ನೊಬ್ಬಳ ಓದಿಗೆ ಯಾಕೆ ಹಣ ಕೊಡಬೇಕು ಅಂತ ಕೇಳಿದರೆ ಅದು ಕೆಟ್ಟ ಪ್ರಶ್ನೆಯಲ್ಲ.

ಆದರೆ ಕಥೆ ರಿವರ್‌ಸೈಡ್‌ಗೆ ಮುಗಿಯುವುದಿಲ್ಲ. ಆಮೇಲೆ ಕೇಂದ್ರ ಸರ್ಕಾರ ಹಲವು ಊರುಗಳ ಕಾರ್ಯಕ್ರಮಗಳನ್ನು ಐದು ವರ್ಷ ಹೋಲಿಸಿ ನೋಡಿತು. ಎದ್ದು ಕಂಡದ್ದು ಓರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್. ಅಲ್ಲಿ ಕೆಲವರನ್ನು ನೇರ ಕೆಲಸಕ್ಕೆ, ಕೆಲವರನ್ನು ಮೊದಲು ಚಿಕ್ಕ ಕೋರ್ಸಿಗೆ ಕಳಿಸಿದರು, ಕಮ್ಯೂನಿಟಿ ಕಾಲೇಜುಗಳು ಕಾರ್ಯಕ್ರಮದ ಒಳಗೇ ಇದ್ದವು. ಸಿಕ್ಕಿದ ಮೊದಲ ಕೆಲಸ ಹಿಡಿಯಬೇಡಿ, ಕನಿಷ್ಠ ಕೂಲಿಗಿಂತ ಜಾಸ್ತಿ ಕೊಡುವ, ನಿಲ್ಲುವ ಕೆಲಸಕ್ಕೆ ಕಾಯಿರಿ ಅಂತ ಹೇಳುತ್ತಿದ್ದರು. ಅಲ್ಲಿಯ ಜನರ ಸಂಪಾದನೆ ಬರೀ ಕೆಲಸ ಅಥವಾ ಬರೀ ಓದು ಅಂತ ಹೊರಟ ಊರುಗಳಿಗಿಂತ ಚೆನ್ನಾಗಿ ಬೆಳೆಯಿತು. ಹಾಗಾಗಿ ಕೆಲಸವೋ ಓದೋ ಅನ್ನುವ ಜಗಳವೇ ಹಳೆಯದು. ಎರಡನ್ನೂ ಒಬ್ಬ ಮನುಷ್ಯನ ವಾರದೊಳಗೆ ಹೇಗೆ ಜೋಡಿಸುವುದು ಅನ್ನುವುದೇ ನಿಜವಾದ ಪ್ರಶ್ನೆ.

ಜೋಡಿಸಿ ತೋರಿಸಿದವರು

ಕೆಂಟಕಿ ರಾಜ್ಯ ಟ್ಯಾನ್ಫ್ ಹಣವನ್ನೇ ಕ್ಯಾಂಪಸ್ ಕೆಲಸದ ಸಂಬಳಕ್ಕೆ ಬಳಸಿತು. ರೆಡಿ ಟು ವರ್ಕ್ ಅನ್ನುವ ಈ ಕಾರ್ಯಕ್ರಮದಲ್ಲಿ ಕಮ್ಯೂನಿಟಿ ಕಾಲೇಜುಗಳ ಒಳಗೇ ಒಬ್ಬ ಸಂಯೋಜಕರು ಇರುತ್ತಾರೆ. ಮೇಲೆ ಹೇಳಿದ ಆ 6 ಗಂಟೆ ಕೊರತೆ ತುಂಬುವುದು, ಕೇಸ್ ವರ್ಕರ್‌ಗೆ ಹಾಜರಿ ಕಳಿಸುವುದು, ಬಸ್ ತಪ್ಪಿದರೆ ದಾರಿ ಹುಡುಕುವುದು ಅವರ ಕೆಲಸ. ಕ್ಯಾಲಿಫೋರ್ನಿಯಾದ ಕಮ್ಯೂನಿಟಿ ಕಾಲೇಜುಗಳಲ್ಲಿ ಕ್ಯಾಲ್‌ವರ್ಕ್ಸ್ (ಅಲ್ಲಿ ಟ್ಯಾನ್ಫ್‌ಗೆ ಇರುವ ಹೆಸರು) ಕಚೇರಿಗಳಿವೆ, ಒಂಟಿ ತಂದೆತಾಯಿಗಾಗಿ 1982ರಿಂದ ಕೇರ್ ಅನ್ನುವ ಯೋಜನೆಯೂ ಇದೆ. ಮೇನ್ ರಾಜ್ಯ 1997ರಲ್ಲಿ ಬೇರೆ ದಾರಿ ಹಿಡಿಯಿತು: ಓದುವ ತಂದೆತಾಯಿಗೆ ರಾಜ್ಯದ ಸ್ವಂತ ಹಣದಿಂದ ನೆರವು ಕೊಟ್ಟು ಕೇಂದ್ರದ 12 ತಿಂಗಳ ಮಿತಿಯಿಂದ ತಪ್ಪಿಸಿತು.

ವಾಷಿಂಗ್ಟನ್ ರಾಜ್ಯದ ಐ-ಬೆಸ್ಟ್ ಇನ್ನೂ ಜಾಣತನದ್ದು. ಒಂದೇ ಕ್ಲಾಸಿನಲ್ಲಿ ಇಬ್ಬರು ಮೇಷ್ಟ್ರು. ಒಬ್ಬರು ವೆಲ್ಡಿಂಗೋ ನರ್ಸಿಂಗೋ ಕಲಿಸುತ್ತಾರೆ, ಇನ್ನೊಬ್ಬರು ಅದೇ ಪಾಠಕ್ಕೆ ಬೇಕಾದ ಇಂಗ್ಲಿಷ್, ಗಣಿತ ಹೇಳಿಕೊಡುತ್ತಾರೆ. ಮೊದಲು ಒಂದು ವರ್ಷ ಇಂಗ್ಲಿಷ್, ಆಮೇಲೆ ಕಸುಬು ಅನ್ನುವ ಕಾಯುವಿಕೆ ಇಲ್ಲ. ಗಡಿಯಾರ 12 ತಿಂಗಳಿಗೇ ನಿಲ್ಲುವಾಗ ಹೀಗೆ ಉಳಿಸಿದ ಒಂದೊಂದು ತಿಂಗಳೂ ದೊಡ್ಡದು.

ನೆರವು ಪಡೆಯುವವರಿಗಷ್ಟೇ ಅಲ್ಲದಿದ್ದರೂ, ಕ್ಯೂನಿ 2007ರಲ್ಲಿ ಶುರುಮಾಡಿದ ಅಸಾಪ್ ಕಾರ್ಯಕ್ರಮದ ಫಲಿತಾಂಶ ಇಲ್ಲಿ ಹೇಳಲೇಬೇಕು. ಪುಸ್ತಕಕ್ಕೆ ಸಹಾಯ, ಬಸ್ಸು-ಮೆಟ್ರೋ ಪಾಸು, ಫೀಸಿನ ಕೊರತೆ ತುಂಬುವುದು, ಮತ್ತೆ ಮತ್ತೆ ಭೇಟಿಯಾಗುವ ಒಬ್ಬ ಸಲಹೆಗಾರ. ಬದಲಿಗೆ ಪೂರ್ಣ ಹೊತ್ತು ಓದಬೇಕು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನೋಡಿದ ಅಧ್ಯಯನದಲ್ಲಿ ಮೂರು ವರ್ಷಕ್ಕೆ ಪದವಿ ಮುಗಿಸಿದವರು 40 ಶೇಕಡಾ, ಇಲ್ಲದ ಗುಂಪಿನಲ್ಲಿ 22. ಓಹಾಯೋದ ಕಾಲೇಜುಗಳಲ್ಲಿ ಮಾಡಿದಾಗಲೂ ಹೆಚ್ಚು ಕಡಿಮೆ ಎರಡು ಪಟ್ಟು ಆಯಿತು. ವಿದ್ಯಾರ್ಥಿಯ ಬುದ್ಧಿ ಬದಲಾಗಲಿಲ್ಲ, ಸುತ್ತಲ ಅನುಕೂಲ ಬದಲಾಯಿತು.

ಸದ್ದಿಲ್ಲದೆ ಬಂದ ಇನ್ನೊಂದು ಬದಲಾವಣೆ

ಸುದ್ದಿಯಲ್ಲಿ ಕಾಣದ, ಆದರೆ ಕಾಲೇಜಿಗೆ ತಟ್ಟುವ ಒಂದು ಸಂಗತಿ. ಟ್ಯಾನ್ಫ್‌ನ ಆ 50 ಶೇಕಡಾ ಗುರಿಯಲ್ಲಿ ರಾಜ್ಯಗಳಿಗೆ ಒಂದು ರಿಯಾಯಿತಿ ಇತ್ತು. 2005ಕ್ಕೆ ಹೋಲಿಸಿದರೆ ನೆರವು ಪಡೆಯುವವರು ಎಷ್ಟು ಶೇಕಡಾ ಕಡಿಮೆಯಾಗಿದ್ದಾರೋ ಗುರಿಯೂ ಅಷ್ಟು ಅಂಶ ಇಳಿಯುತ್ತಿತ್ತು. ಜನ ಅಷ್ಟೊಂದು ಕಡಿಮೆಯಾಗಿದ್ದರಿಂದ ಎಷ್ಟೋ ರಾಜ್ಯಗಳ ಗುರಿ ಸೊನ್ನೆಯ ಹತ್ತಿರ ಇತ್ತು, ಓದುವವರನ್ನು ಲೆಕ್ಕಕ್ಕೆ ಸೇರದಿದ್ದರೂ ಇಟ್ಟುಕೊಳ್ಳುವ ಧೈರ್ಯ ಇತ್ತು. 2023ರ ಸಾಲದ ಮಿತಿ ಒಪ್ಪಂದದ ಕಾನೂನು ಆ ಹೋಲಿಕೆಯ ವರ್ಷವನ್ನು 2015ಕ್ಕೆ ತಂದಿತು, 2025ರ ಅಕ್ಟೋಬರ್‌ನಿಂದ ಜಾರಿ. ರಿಯಾಯಿತಿ ಕುಗ್ಗುತ್ತದೆ, ನಿಜವಾದ ಗುರಿ ಏರುತ್ತದೆ, ಎರಡನೇ ವರ್ಷದ ವಿದ್ಯಾರ್ಥಿ ರಾಜ್ಯಕ್ಕೆ ಭಾರ ಅನ್ನಿಸತೊಡಗುತ್ತಾಳೆ.

ಸ್ನ್ಯಾಪ್ ಕಡೆಯಿಂದಲೂ ಒತ್ತಡ ಇದೆ. ಆಡಳಿತದ ಖರ್ಚಿನಲ್ಲಿ ರಾಜ್ಯದ ಪಾಲು 2026ರ ಅಕ್ಟೋಬರ್‌ನಿಂದ 50ರಿಂದ 75 ಶೇಕಡಾಗೆ ಏರುತ್ತದೆ. ಅದರ ಮುಂದಿನ ವರ್ಷದಿಂದ ತಪ್ಪು ಪಾವತಿ 6 ಶೇಕಡಾ ಮುಟ್ಟಿದ ರಾಜ್ಯಗಳು ನೆರವಿನ ಹಣದಲ್ಲೇ 5ರಿಂದ 15 ಶೇಕಡಾ ಭರಿಸಬೇಕು. ತಪ್ಪಿನ ಭಯ ಇರುವ ಕಚೇರಿ ಕಾಗದ ಜಾಸ್ತಿ ಕೇಳುತ್ತದೆ. ಸೆಮಿಸ್ಟರಿಗೊಮ್ಮೆ ಗಂಟೆ ಬದಲಾಗುವ ವಿದ್ಯಾರ್ಥಿಯ ಫೈಲೇ ತಪ್ಪಾಗಲು ಸುಲಭ.

ಎಂಟು ವಾರದ ಕೋರ್ಸಿಗೆ ಪೆಲ್

ಅದೇ 2025ರ ಕಾನೂನಿನಲ್ಲಿ ಒಳ್ಳೆಯದೂ ಒಂದಿದೆ. ಬಡ ವಿದ್ಯಾರ್ಥಿಗಳಿಗೆ ಸಿಗುವ ಪೆಲ್ ಧನಸಹಾಯವನ್ನು 2026ರ ಜುಲೈ 1ರಿಂದ 8ರಿಂದ 15 ವಾರದ ಚಿಕ್ಕ ಕೋರ್ಸುಗಳಿಗೂ ಕೊಡಬಹುದು. ಕೋರ್ಸು ಮುಗಿಸುವವರು, ಕೆಲಸ ಸಿಗುವವರು ಎರಡೂ 70 ಶೇಕಡಾಕ್ಕಿಂತ ಕಡಿಮೆ ಇರಬಾರದು. ಹನ್ನೆರಡು ತಿಂಗಳ ಗಡಿಯಾರಕ್ಕೆ ಇದು ಚೆನ್ನಾಗಿ ಹೊಂದುತ್ತದೆ.

ಅಪಾಯ ಎಂದರೆ ಅಲ್ಲೇ ನಿಂತುಬಿಡುವುದು. ನರ್ಸಿಂಗ್ ಸಹಾಯಕಿಯ ಕೋರ್ಸು ಕೆಲವೇ ವಾರದ್ದು, ಕೆಲಸ ಬೇಗ ಸಿಗುತ್ತದೆ, ಆದರೆ ಸಂಬಳ ಕಡಿಮೆ, ಬೆನ್ನು ಮುರಿಯುವ ದುಡಿಮೆ. ಆ ಕೋರ್ಸಿನ ಕ್ರೆಡಿಟ್ ಮುಂದೆ ನರ್ಸ್ ಪದವಿಗೆ ಸೇರುವಂತಿದ್ದರೆ ಅದು ಮೆಟ್ಟಿಲು. ಸೇರದಿದ್ದರೆ ಅವಳು ಮತ್ತೆ ಮೊದಲಿನಿಂದ ಶುರುಮಾಡಬೇಕು. ಅಷ್ಟರಲ್ಲಿ ಆ ಹನ್ನೆರಡು ತಿಂಗಳಲ್ಲಿ ಒಂದಿಷ್ಟು ಖರ್ಚಾಗಿರುತ್ತದೆ.

2027ರ ಜನವರಿ

ಮೆಡಿಕೇಡ್‌ನ ಹೊಸ ನಿಯಮ 2027ರ ಜನವರಿ 1ರೊಳಗೆ ಜಾರಿಯಾಗಬೇಕು. ಹಲವು ರಾಜ್ಯಗಳು ಇನ್ನಷ್ಟು ಬಡ ವಯಸ್ಕರಿಗೆ ವಿಸ್ತರಿಸಿದ ಮೆಡಿಕೇಡ್‌ನಲ್ಲಿರುವ 19ರಿಂದ 64 ವರ್ಷದವರು ತಿಂಗಳಿಗೆ 80 ಗಂಟೆ ಕೆಲಸ ಅಥವಾ ಸೇವೆ ತೋರಿಸಬೇಕು, ಇಲ್ಲವೇ ಅರ್ಧ ಹೊತ್ತು ಓದುತ್ತಿರಬೇಕು. 13 ವರ್ಷದವರೆಗಿನ ಮಕ್ಕಳಿರುವ ತಂದೆತಾಯಿಗೆ ವಿನಾಯಿತಿ. ಇಲ್ಲಿ ಓದಿಗೆ ಪೂರ್ತಿ ಬೆಲೆ ಇದೆ, ಮೂರರಲ್ಲಿ ಓದುವವರಿಗೆ ಅತ್ಯಂತ ಅನುಕೂಲದ್ದು ಇದೇ.

ಆದರೆ ಕಾಗದದ ಮೇಲಿನ ಅನುಕೂಲ ಕೈಗೆ ಸಿಗದೇ ಹೋಗಬಹುದು. ಅರ್ಕನ್ಸಾ 2018ರಲ್ಲಿ ಇಂಥ ನಿಯಮ ತಂದಾಗ ಕೆಲವೇ ತಿಂಗಳಲ್ಲಿ ಸುಮಾರು 18 ಸಾವಿರ ಜನ ವಿಮೆ ಕಳೆದುಕೊಂಡರು. ಅವರಲ್ಲಿ ಎಷ್ಟೋ ಜನ ಕೆಲಸ ಮಾಡುತ್ತಿದ್ದವರು ಅಥವಾ ವಿನಾಯಿತಿಗೆ ಅರ್ಹರಾಗಿದ್ದವರು, ವರದಿ ಕೊಡಲಾಗದೆ ಹೊರಬಿದ್ದರು. 2019ರಲ್ಲಿ ಕೋರ್ಟು ಅದನ್ನು ನಿಲ್ಲಿಸಿತು. ಇನ್ನು ಮುಂದೆ ಅರ್ಹತೆಯನ್ನು ಆರು ತಿಂಗಳಿಗೊಮ್ಮೆ ಮತ್ತೆ ನೋಡುತ್ತಾರೆ. 6 ಕ್ರೆಡಿಟ್‌ಗೆ ಸೇರಿದವರು ಕಷ್ಟವಾಯಿತು ಅಂತ ಸೆಮಿಸ್ಟರ್ ಮಧ್ಯೆ ಒಂದು ವಿಷಯ ಬಿಟ್ಟರೆ 3ಕ್ಕೆ ಇಳಿಯುತ್ತಾರೆ, ಆಗ ಅರ್ಧ ಹೊತ್ತಿನ ವಿದ್ಯಾರ್ಥಿ ಅಲ್ಲ. ಗಣಿತದ ಒಂದು ಪೇಪರು ಬಿಡುವುದಕ್ಕೂ ಮಧುಮೇಹದ ಮಾತ್ರೆ ನಿಲ್ಲುವುದಕ್ಕೂ ಹೀಗೆ ಸಂಬಂಧ ಬರುತ್ತದೆ.

ಈ ಅನಾಹುತ ತಪ್ಪಿಸಲು ಕಾನೂನಿನಲ್ಲೇ ಒಂದು ದಾರಿ ಇದೆ. ರಾಜ್ಯದ ಬಳಿ ಆಗಲೇ ಇರುವ ಮಾಹಿತಿಯಿಂದ ತಿಳಿಯುವುದಾದರೆ ಜನರಿಂದ ಮತ್ತೆ ಕಾಗದ ಕೇಳಬೇಡಿ ಅಂತ ಅದು ಹೇಳುತ್ತದೆ. ಯಾರು ಎಷ್ಟು ಕ್ರೆಡಿಟ್ ಓದುತ್ತಿದ್ದಾರೆ ಅನ್ನುವುದು ಕಮ್ಯೂನಿಟಿ ಕಾಲೇಜಿನ ಕಂಪ್ಯೂಟರಿನಲ್ಲಿ ಇದ್ದೇ ಇದೆ. ಅದನ್ನು ಮೆಡಿಕೇಡ್ ಕಚೇರಿಗೆ ತಾನಾಗಿಯೇ ತಲುಪಿಸುವ ಏರ್ಪಾಡು ಮಾಡಿದ ರಾಜ್ಯದಲ್ಲಿ ದೊಡ್ಡ ಮಕ್ಕಳಿರುವ ತಾಯಿ ಪರೀಕ್ಷೆಗೆ ಓದುತ್ತಾಳೆ. ಮಾಡದ ರಾಜ್ಯದಲ್ಲಿ ಪ್ರಮಾಣಪತ್ರ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುತ್ತಾಳೆ.